ಕುರ್ಚಿ ಬೀಸಿ ಗೂಡ್ಸ್ ರೈಲು ನಿಲ್ಲಿಸಿದ ನಿವೃತ್ತ ಕ್ಷೌರಿಕರ ಕುರಿತು

ವಿಭಾಗೀಯ ರೈಲು ಸಂಚಾರ ಕಚೇರಿ, ಪಶ್ಚಿಮ ಒಹಾಯೊ
ಸಂಖ್ಯೆ: ರೈಸಂ/ಹವ್ಯಾಸ/ಕುರ್ಚಿ/17
ದಿನಾಂಕ: ಅಕ್ಟೋಬರ್ 21

ವಿಷಯ: ಹಳಿಯ ಬದಿ ಕುಳಿತು ರೇಡಿಯೊ ಸ್ಕ್ಯಾನರ್ ಆಲಿಸುವ ಸಾರ್ವಜನಿಕರು ಇಲಾಖೆಗಿಂತ ಮೊದಲೇ ವಿಷಯ ತಿಳಿದುಕೊಳ್ಳುತ್ತಿರುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: 1) ಎಂಜಿನ್ನಿನ ರೇಡಿಯೊ ಕೆಟ್ಟಿದೆ ಎಂದು ಚಾಲಕಿ ಶ್ರೀಮತಿ ರೊಂಡಾ ಯೋಡರ್ ಬರೆದ ಪತ್ರ.
2) ಅದೇ ವಿಷಯದ ಎರಡನೇ ಪತ್ರ.
3) ಮೂರನೇ ಪತ್ರ (ಅಕ್ಷರಗಳು ದಪ್ಪವಾಗಿವೆ).

ಪ್ರಸ್ತಾವನೆ:

ನಿವೃತ್ತ ಕ್ಷೌರಿಕರಾದ ಶ್ರೀ ಆರ್ವಿಲ್ ಸ್ಟಕಿ, ವಯಸ್ಸು 72, ಇವರು ಪ್ರತಿ ಶನಿವಾರ ತಮ್ಮ ಗೆಳೆಯ ಶ್ರೀ ಗ್ಲೆನ್ ಪಚ್ಕೊ ಅವರೊಂದಿಗೆ ಹಾರ್ಮನ್ ಗೇಟಿನ ಬಳಿ ಮಡಚುವ ಕುರ್ಚಿ ಹಾಕಿಕೊಂಡು, ರೈಲು ಸಿಬ್ಬಂದಿಯ ಮಾತುಕತೆಯನ್ನು ಸ್ಕ್ಯಾನರಿನಲ್ಲಿ ಆಲಿಸುತ್ತಾ, ಹೋಗಿ ಬರುವ ರೈಲುಗಳನ್ನು ನೋಡಿ ಸಂತೋಷಪಡುತ್ತಿರುವುದು ಕಚೇರಿಯ ಗಮನಕ್ಕೆ ಬಂದಿದೆ. ಸಂತೋಷದ ಬಗ್ಗೆ ಇಲಾಖೆಗೆ ಆಕ್ಷೇಪಣೆ ಇರಲಿಲ್ಲ.

ಆದರೆ ದಿನಾಂಕ 4ರಂದು ಬೆಳಿಗ್ಗೆ, ಹಳಿಯ ಪಕ್ಕದಲ್ಲಿ ಗಾಲಿಗಳ ಬಿಸಿ ಅಳೆಯುವ ಯಂತ್ರವು, ಬರುತ್ತಿರುವ ಗೂಡ್ಸಿನ ಎಂಬತ್ತೆಂಟನೇ ಅಚ್ಚು ಕಾದುಹೋಗಿದೆ ಎಂದು ರೇಡಿಯೊದಲ್ಲಿ ಘೋಷಿಸಿತು. ಉಲ್ಲೇಖಿತ ರೇಡಿಯೊ ಕೆಟ್ಟಿದ್ದ ಕಾರಣ ಚಾಲಕಿಗೆ ಅದು ಕೇಳಿಸಲಿಲ್ಲ. ಶ್ರೀ ಸ್ಟಕಿ ಅವರಿಗೆ ಕೇಳಿಸಿತು. ರೈಲು ವೇಗ ತಗ್ಗಿಸದಿರುವುದನ್ನು ಕಂಡು ಅವರು ಗೇಟಿನ ಫಲಕದಲ್ಲಿದ್ದ ತುರ್ತು ಸಂಖ್ಯೆಗೆ ಕರೆ ಮಾಡಿದರು. ಕರೆ ಸ್ವೀಕರಿಸಿದ ಮಹಿಳಾ ಸಿಬ್ಬಂದಿಯೊಂದಿಗಿನ ಮಾತಿನ ಧ್ವನಿಮುದ್ರಣ ಈ ಕೆಳಗಿನಂತಿದೆ:

"ಅಮ್ಮಾ, ಗಾಡಿ ನಿಲ್ಸಿ. ಅಚ್ಚು ಕಾದಿದೆ, ಮುರಿದ್ರೆ ಹಳಿ ತಪ್ಪುತ್ತೆ. ಮುಂದೆ ಸೇತುವೆ ಇದೆ, ಅದರಾಚೆ ಊರು."

"ತಾವು ಇಲಾಖೆಯವರಾ, ಸಾರ್?"

"ಅಲ್ಲಮ್ಮಾ, ಕ್ಷೌರಿಕ. ರಿಟೈರ್ ಆಗಿದೀನಿ."

"ಹಾಗಾದ್ರೆ ಸ್ವಲ್ಪ ಲೈನಲ್ಲಿರಿ."

ನಂತರ ಇಲಾಖೆಯ ವತಿಯಿಂದ ಸಂಗೀತ ಒದಗಿಸಲಾಗಿದೆ. ಸಂಗೀತದ ನಡುವೆ ಶ್ರೀ ಪಚ್ಕೊ ಅವರ ಧ್ವನಿ ಕೇಳಿಬರುತ್ತದೆ: "ಲೇ ಆರ್ವಿಲ್, ಹೊಗೆ ಕಾಣ್ತಿದೆ, ನೀನು ಪಿಟೀಲು ಕೇಳ್ತಾ ಕೂತಿದೀಯಲ್ಲೋ! ಏನಾದ್ರೂ ಬೀಸೋ!" "ಏನ್ ಬೀಸ್ಲಿ?" "ಕೂತಿರೋದನ್ನೇ ಬೀಸೋ ಮಾರಾಯ!"

ಶ್ರೀ ಸ್ಟಕಿ ಅವರು ಹಳಿಯ ಬದಿ ಓಡಿ, ಕುರ್ಚಿಯನ್ನು ತಲೆಯ ಮೇಲೆತ್ತಿ ಬೀಸಿದರು. ಚಾಲಕಿ ಬ್ರೇಕ್ ಹಾಕಿದರು. ಸೇತುವೆಗೆ ಇನ್ನೂರು ಅಡಿ ಇರುವಾಗ ರೈಲು ನಿಂತಿತು. ಎಂಬತ್ತೆಂಟನೇ ಅಚ್ಚು ಕೆಂಡದಂತಿತ್ತು. ಅದರ ಮೇಲಿದ್ದುದು ರಾಸಾಯನಿಕದ ಟ್ಯಾಂಕ್. ಕೆಳಗಿಳಿದು ಬಂದ ಚಾಲಕಿ, "ಯಜಮಾನ್ರೇ, ನನ್ನ ಮಗಳು ಸೇತುವೆ ಆಚೆ ಫುಟ್‌ಬಾಲ್ ಆಡ್ತಿದಾಳೆ" ಎಂದಷ್ಟೇ ಹೇಳಿ, ಕರ್ತವ್ಯದ ವೇಳೆಯಲ್ಲಿ ಅನಧಿಕೃತ ಕುರ್ಚಿಯೊಂದರಲ್ಲಿ ಕುಳಿತು ಒಂಬತ್ತು ನಿಮಿಷ ಅತ್ತಿರುತ್ತಾರೆ.

ಇದರಿಂದ ಇಲಾಖೆಯ ಘನತೆಗೆ ಆಗಿರುವ ಹಾನಿಯನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಸಾರ್ವಜನಿಕರು ಸ್ಕ್ಯಾನರ್ ಆಲಿಸಲು ಅಡ್ಡಿಯಿಲ್ಲ. ಆಲಿಸಿದ್ದನ್ನು ಅರ್ಥ ಮಾಡಿಕೊಳ್ಳಲು ಮಾತ್ರ ಪೂರ್ವಾನುಮತಿ ಪಡೆಯತಕ್ಕದ್ದು.

2. ಹೊಗೆ ಕಂಡುಬಂದಲ್ಲಿ, ಅದು ಇಲಾಖೆಗೆ ಕಾಣುವವರೆಗೆ ಬೇರೆ ದಿಕ್ಕಿಗೆ ಮುಖ ಮಾಡಿ ಕುಳಿತಿರತಕ್ಕದ್ದು. ಇಲಾಖೆಗೆ ಕಂಡ ಬಗ್ಗೆ ಪತ್ರಿಕಾ ಪ್ರಕಟಣೆ ಹೊರಡಿಸಲಾಗುವುದು.

3. ಹಳಿಯ ಬದಿಯ ಕುರ್ಚಿಗಳು ಒಬ್ಬರಿಂದ ಎತ್ತಲಾಗದಷ್ಟು ಭಾರವಿರಬೇಕು. ಸೋಫಾಗೆ ಆದ್ಯತೆ.

4. ತುರ್ತಾಗಿ ರೈಲು ನಿಲ್ಲಿಸಬೇಕೆನ್ನುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿ ಇತ್ಯರ್ಥವಾಗುವವರೆಗೆ ಅಚ್ಚು ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು.

5. ಕುರ್ಚಿ ಕಂಡು ರೈಲು ನಿಲ್ಲಿಸುವ ಮುನ್ನ ಅದು ಯಾವ ದರ್ಜೆಯ ಅಧಿಕಾರಿಯ ಕುರ್ಚಿ ಎಂದು ಚಾಲಕರು ಖಚಿತಪಡಿಸಿಕೊಳ್ಳಬೇಕು.

6. ಶ್ರೀಮತಿ ಯೋಡರ್ ಅವರಿಂದ, ಸೇತುವೆಯ ಮೊದಲೇ ನಿಂತ ಬಗ್ಗೆ ಲಿಖಿತ ಸಮಜಾಯಿಷಿ ಕೇಳಲಾಗಿದೆ. ಉತ್ತರವಾಗಿ ಅವರು ರಾಜೀನಾಮೆ ಪತ್ರ ಕಳುಹಿಸಿದ್ದು, ಅದರಲ್ಲಿ ಕಾಗುಣಿತ ದೋಷವಿಲ್ಲದಿರುವುದನ್ನು ಗಮನಿಸಲಾಗಿದೆ. ಕಳೆದ ಶನಿವಾರ ಅವರು ಮಗಳೊಡನೆ, ಸ್ವಂತ ಕುರ್ಚಿ ಮತ್ತು ಸೇಬಿನ ಕಡುಬಿನ ಸಮೇತ, ಹಾರ್ಮನ್ ಗೇಟಿನ ಬಳಿ ಹಾಜರಿದ್ದರೆಂದು ತಿಳಿದುಬಂದಿದೆ. ಶ್ರೀ ಸ್ಟಕಿ ಅವರು ಬಾಲಕಿಗೆ ಸ್ಕ್ಯಾನರಿನ ಗುಂಡಿ ತಿರುಗಿಸಲು ಕಲಿಸುತ್ತಿದ್ದರು. ಕಡುಬಿನಲ್ಲಿ, ನಿಗಾ ಇಡಲು ಕಳುಹಿಸಲಾಗಿದ್ದ ಇಲಾಖೆಯ ವೀಕ್ಷಕರಿಗೂ ಪಾಲು ದೊರೆತಿದ್ದು, ಅವರ ವರದಿ ಇನ್ನೂ ಬಂದಿಲ್ಲ.

ಈ ಆದೇಶ ತಕ್ಷಣದಿಂದ ಜಾರಿಗೆ ಬರುತ್ತದೆ.

ಸಹಿ/-
(ಅಸ್ಪಷ್ಟ)
ವಿಭಾಗೀಯ ಸಂಚಾರ ಅಧೀಕ್ಷಕರು

ಪ್ರತಿಗಳು:
1. ರೇಡಿಯೊ ದುರಸ್ತಿ ಶಾಖೆ: ಮಾಹಿತಿಗಾಗಿ ಮಾತ್ರ, ಕ್ರಮಕ್ಕಾಗಿ ಅಲ್ಲ.
2. ಎಂಬತ್ತೆಂಟನೇ ಅಚ್ಚಿನ ಕಡತ.
3. ಶ್ರೀ ಆರ್ವಿಲ್ ಸ್ಟಕಿ: ಅಂಚೆ ಅನಗತ್ಯ. ಇದನ್ನು ಶನಿವಾರ ರೇಡಿಯೊದಲ್ಲಿ ಓದಲಾಗುವುದು. ನಮ್ಮಲ್ಲಿ ಯಾರೂ ಕೇಳದಿದ್ದರೂ ಅವರು ಕೇಳುತ್ತಾರೆ.