ಇದು ಯಾರ ಕಡೆಯ ಪ್ಯಾಕೇಜು?

ಕಂಪ್ಯೂಟರ್ ಕೆಟ್ಟರೆ ರಿಪೇರಿ ಮಾಡಬಹುದು. ಅದು ನೆಟ್ಟಗೆ ನಡೆಯುತ್ತಿರುವಾಗ ಯಾರಾದರೂ ಬಂದು ಇದರೊಳಗೆ ಏನೇನಿದೆ ಎಂದು ಕೇಳಿದರೆ ಮಾತ್ರ ದೇವರೇ ಗತಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಸುತ್ತುವ ನನಗೆ ವಾರಕ್ಕೊಮ್ಮೆ ಇಂಥದ್ದೊಂದು ಗಂಟು ಬೀಳದಿದ್ದರೆ ಉಂಡ ಅನ್ನ ಕರಗುವುದಿಲ್ಲ.

ಒಂದು ಸಂಸ್ಥೆ ಈ ಕಡೆ ಓದುವ ಕೋಣೆಗಳನ್ನು ನಡೆಸುತ್ತದೆ. ಪತ್ರಿಕೆ, ಪುಸ್ತಕ, ಜೊತೆಗೆ ಒಂದೆರಡು ಕಂಪ್ಯೂಟರ್. ಅವುಗಳನ್ನು ನೋಡಿಕೊಳ್ಳುವ ಗುತ್ತಿಗೆ ನೌಕರಳು ನಾನು. ಹೋದ ವರ್ಷ ಸಂಸ್ಥೆಯ ಸಾಹೇಬರಿಂದ ಪತ್ರ ಬಂತು. ಪ್ರತಿ ಕಂಪ್ಯೂಟರಿನಲ್ಲಿರುವ ಎಲ್ಲ ಸಾಫ್ಟ್‌ವೇರ್ ಪ್ಯಾಕೇಜುಗಳ ಪಟ್ಟಿ ಮಾಡಬೇಕು, ಯಾವುದಕ್ಕೆ ಯಾವುದು ಬೇಕು ಎಂದು ಎದುರಿಗೆ ಕಾರಣ ಬರೆಯಬೇಕು, ಕಾರಣವಿಲ್ಲದ್ದನ್ನು ತೆಗೆಯಬೇಕು. ಕೊನೆಯ ಸಾಲು ಹೀಗಿತ್ತು: ಪಟ್ಟಿ ನೋಡಿದ ನಂತರ ಗುತ್ತಿಗೆ ನೌಕರರನ್ನು ಮುಂದುವರಿಸುವ ಬಗ್ಗೆ ತೀರ್ಮಾನಿಸಲಾಗುವುದು. ಈ ಊರುಗಳಲ್ಲಿ ಇಂಥ ಇನ್ನೊಂದು ನೌಕರಿ ಇಲ್ಲ. ಸುಳ್ಳೇಕೆ ಹೇಳಲಿ, ಈ ಕೆಲಸ ನನಗೆ ಬಹಳ ಇಷ್ಟ.

ಪಟ್ಟಿ ಮಾಡುವುದು ಕಷ್ಟವಲ್ಲ. ಕಪ್ಪು ಪರದೆ ತೆರೆದು ಒಂದು ಸಾಲು ಟೈಪ್ ಮಾಡಿದರೆ ಪ್ಯಾಕೇಜ್ ಮ್ಯಾನೇಜರ್ ಎಂಬ ಪ್ರೋಗ್ರಾಮು ಒಳಗಿರುವುದನ್ನೆಲ್ಲ ಹೆಸರು ಹಿಡಿದು ಹೇಳುತ್ತದೆ. ಇನ್ನೊಂದು ಸಾಲು ಹೊಡೆದರೆ ಯಾವುದು ಯಾರಿಗಾಗಿ ಬಂದಿದೆ ಎಂದೂ ಹೇಳುತ್ತದೆ. ಯಂತ್ರದ ಕಡೆಯಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ.

ಆಳಂದ: ನಾಲ್ಕು ಕಡಿಮೆ

ಆಳಂದದಲ್ಲಿ ದಾಸ್ತಾನು ನೋಡುವ ಗುಮಾಸ್ತರೊಬ್ಬರಿದ್ದಾರೆ. ಕುರ್ಚಿ, ಗಡಿಯಾರ, ಪೊರಕೆ, ಎಲ್ಲಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದ ಮನುಷ್ಯ. ಪಟ್ಟಿಯಲ್ಲಿ ಎರಡು ಸಾವಿರದ ನೂರಾ ನಲವತ್ಮೂರು ಪ್ಯಾಕೇಜು ಬಂದದ್ದು ನೋಡಿ ಅವರು ಕುರ್ಚಿ ಬಿಟ್ಟು ಎದ್ದರು. ಇಷ್ಟು ಸಾಮಾನು ತಮ್ಮ ಕಣ್ಣು ತಪ್ಪಿಸಿ ಒಳಗೆ ಹೇಗೆ ಬಂತು ಎಂದು ಕೇಳಿದರು. ನಾನು ವಿವರಿಸುವಷ್ಟರಲ್ಲಿ ಬ್ರಷ್ಷು ತಂದು ಕಂಪ್ಯೂಟರಿನ ಡಬ್ಬಿಯ ಮೇಲೆ 1 ರಿಂದ 2143 ಎಂದು ಬರೆದೇಬಿಟ್ಟರು.

ಮರುದಿನ ಕಂಪ್ಯೂಟರು ತಾನೇ ಅಪ್‌ಡೇಟ್ ಆಗಿ, ಬೇಡವಾದ ನಾಲ್ಕು ಹಳೆಯ ಪ್ಯಾಕೇಜುಗಳನ್ನು ಕಳಚಿಕೊಂಡಿತ್ತು. ಎಣಿಕೆ 2139. ಗುಮಾಸ್ತರು ಕೋಣೆಗೆ ಬೀಗ ಜಡಿದು, ನಿನ್ನೆ ಒಳಗೆ ಬಂದವರು ಯಾರು ಎಂದು ವಿಚಾರಿಸಿದರು. ಸರಸಂಬಾದ ಒಬ್ಬ ರೈತ ಪಹಣಿ ಪ್ರಿಂಟ್ ತೆಗೆಸಲು ಬಂದಿದ್ದ. ಅವನಿಗೆ ಫೋನು ಹೋಯಿತು. ಪಾಪ, ಅವನು ಮೋಟರ್‌ಸೈಕಲ್ ಹತ್ತಿಕೊಂಡು ಬಂದು, ಕೇಳುವ ಮೊದಲೇ ಚೀಲ ಮೇಜಿನ ಮೇಲೆ ಬೋರಲು ಹಾಕಿದ. ಎರಡು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮೊಬೈಲ್ ಚಾರ್ಜರು ಬಿದ್ದವು. ಗುಮಾಸ್ತರು ರೊಟ್ಟಿಯನ್ನೂ ಎತ್ತಿ ಕೆಳಗೆ ನೋಡಿದರು.

ಪ್ಯಾಕೇಜು ಕೈಗೆ ಸಿಗುವ ವಸ್ತುವಲ್ಲ, ಅವು ತಾವಾಗಿಯೇ ಹೋಗಿವೆ ಎಂದು ನಾನು ಗಂಟಲು ಹರಿದುಕೊಂಡೆ. ರೈತ ಮಾತ್ರ ಶಾಂತವಾಗಿದ್ದ.

"ತಾವಾಗೇ ಹೋಗ್ಯಾವಂದ್ರ ದೂರ ಹೋಗಿರಂಗಿಲ್ರಿ," ಅಂದ. "ಸಂಜಿಗೆ ಬರ್ತಾವ. ನಮ್ಮ ಎಮ್ಮಿನೂ ಹಂಗ ಮಾಡ್ತದ."

ಗುಮಾಸ್ತರು ಸಂಜೆ ಆರರವರೆಗೆ ಬಾಗಿಲು ತೆರೆದಿಟ್ಟು ಕಾದರು.

ಕರಜಗಿ: ಒಲೆ ಬಂದ್

ಅಫಜಲಪುರ ತಾಲ್ಲೂಕಿನ ಕರಜಗಿಯ ಕೋಣೆಯನ್ನು ನೋಡಿಕೊಳ್ಳುವವರು ನಿವೃತ್ತ ಹೆಡ್‌ಮಾಸ್ತರು. ಅವರಿಗೆ ಒಂದು ಸಣ್ಣ ನಿಘಂಟಿನ ಪ್ರೋಗ್ರಾಮು ಬೇಕಿತ್ತು. ಹಾಕಲು ಹೋದರೆ, ಇದರ ಜೊತೆ ಇನ್ನೂ ನಲವತ್ತೇಳು ಬರುತ್ತವೆ, ಸರಿಯೇ ಎಂದು ಪರದೆ ಕೇಳಿತು. ಒಂದನ್ನು ಕರೆದರೆ ಇಷ್ಟು ಮಂದಿ ಯಾಕೆ ಎಂದು ಮಾಸ್ತರು ಹುಬ್ಬು ಗಂಟಿಕ್ಕಿದರು.

ನಮ್ಮ ಗಡಿ ಸೀಮೆಯಲ್ಲಿ ಮದುವೆಗೆ ಎರಡು ಥರ ಕರೆಯುತ್ತಾರೆ. ಮನೆಗೊಬ್ಬರು ಬನ್ನಿ ಎನ್ನುವುದು ಒಂದು. ಒಲೆ ಬಂದ್ ಎನ್ನುವುದು ಇನ್ನೊಂದು, ಅಂದರೆ ಆ ದಿನ ನಿಮ್ಮ ಮನೆಯಲ್ಲಿ ಒಲೆ ಹೊತ್ತಬಾರದು, ಮನೆಮಂದಿಯೆಲ್ಲ ನಮ್ಮಲ್ಲೇ ಉಣ್ಣಬೇಕು. ಪ್ಯಾಕೇಜುಗಳಿಗೆ ನಾವು ಯಾವಾಗಲೂ ಒಲೆ ಬಂದ್ ಕರೆಯುತ್ತೇವೆ ಎಂದು ಹೇಳಿದೆ. ಮಾಸ್ತರಿಗೆ ಥಟ್ಟನೆ ಹೊಳೆಯಿತು. ಅಷ್ಟಕ್ಕೆ ಸುಮ್ಮನಿರದೆ, ಎಲ್ಲ ಬಂದು ಕುಂತ ಮೇಲೆ ಒಂದೊಂದನ್ನೇ ನಿಲ್ಲಿಸಿ ಇದು ಯಾರ ಕಡೆಯದು ಎಂದು ಕೇಳಿಸಿದರು. ನಾನು ಟೈಪ್ ಮಾಡಿ ಮಾಡಿ ಹೇಳಿದೆ. ಇದು ಪರದೆಗೆ ಅಕ್ಷರ ತರುವವರ ಕಡೆಯದು, ಇದು ಅವರ ಭಾವಮೈದ.

ಅಷ್ಟರೊಳಗೆ ಹಳೆಯ ಎರಡು ಪ್ಯಾಕೇಜು ಸಿಕ್ಕಿಬಿದ್ದವು. ಮೊದಲನೆಯದನ್ನು ಕೇಳಿದರೆ ಎರಡನೆಯದಕ್ಕಾಗಿ ಬಂದೆ ಅನ್ನುತ್ತದೆ, ಎರಡನೆಯದನ್ನು ಕೇಳಿದರೆ ಮೊದಲನೆಯದಕ್ಕಾಗಿ ಅನ್ನುತ್ತದೆ. ಮೂರನೆಯವರು ಯಾರೂ ಇವನ್ನು ಕೇಳುವುದಿಲ್ಲ. ಯಂತ್ರ ಕೆಟ್ಟಿದೆಯೋ ಏನೋ ಎಂದು ನಾನು ಅಂಜಿದೆ. ಮಾಸ್ತರು ಬೆನ್ನು ಒರಗಿಸಿ ಕುಂತರು.

"ನಮ್ಮ ಮಗಳ ಮದುವ್ಯಾಗೂ ಇಂಥವ್ರು ಇಬ್ರು ಬಂದಿದ್ರು," ಅಂದರು. "ನಾವು ಬೀಗರ ಕಡ್ಯಾವ್ರು ಅನ್ಕೊಂಡ್ವಿ, ಬೀಗರು ನಮ್ಮ ಕಡ್ಯಾವ್ರು ಅನ್ಕೊಂಡ್ರು. ಮೂರು ದಿನ ಉಂಡ್ರು, ಬಟ್ಟಿ ಕೊಟ್ಟು ಆಹೇರಿ ಮಾಡಿ ಕಳಿಸಿದ್ವಿ. ಫೋಟೋದಾಗ ನಡುವ ನಿಂತಾರ."

ತೆಗೆಯಲೇ ಎಂದು ಕೇಳಿದೆ. ಉಣ್ಣಲು ಕುಂತವರನ್ನು ಎಬ್ಬಿಸಬಾರದು ಎಂದರು. ಕಾರಣದ ಜಾಗದಲ್ಲಿ, ಇಬ್ಬರೂ ಒಬ್ಬರಿಗೊಬ್ಬರು ಬೇಕಾದವರು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಸಹಿ ಹಾಕಿದರು.

ಜೇವರ್ಗಿ: ಬರಹದಾಗ ಕೊಡ್ರಿ

ಅಮಾವಾಸ್ಯೆಯ ದಿನ ಸಾಹೇಬರು ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ದರ್ಶನ ಮುಗಿಸಿ, ಹಣೆಯ ಕುಂಕುಮದೊಂದಿಗೇ ಸಂಸ್ಥೆಯ ಜೇವರ್ಗಿ ಕಚೇರಿಗೆ ಪಟ್ಟಿ ನೋಡಲು ಬಂದರು. ಬೆರಳಾಡಿಸುತ್ತ ಒಂದು ಹೆಸರಿನ ಮೇಲೆ ನಿಂತರು. ಇದನ್ನು ಯಾರು ಉಪಯೋಗಿಸುತ್ತಾರೆ ಎಂದರು. ನೇರವಾಗಿ ಯಾರೂ ಇಲ್ಲ, ಆದರೆ ಉಳಿದವೆಲ್ಲ ಇದರ ಮೇಲೇ ನಿಂತಿವೆ ಎಂದೆ. ಯಾರೂ ಉಪಯೋಗಿಸದಿದ್ದರೆ ತೆಗೆಯಿರಿ ಎಂದರು. ಇದು ಮನೆಯ ಪಾಯ ಇದ್ದ ಹಾಗೆ ಎಂದು ಹೇಳಿ ನೋಡಿದೆ. ಹೇಳಿದಷ್ಟು ಮಾಡಿ ಎಂದರು.

ನನ್ನ ನೌಕರಿಯ ಮುಂದುವರಿಕೆ ಅವರ ಕೈಯಲ್ಲಿತ್ತು. ಟೈಪ್ ಮಾಡಿದೆ. ಅದರ ಜೊತೆಗೇ ಹೋಗುವ ಹೆಸರುಗಳು ಪರದೆ ತುಂಬ ಸುರಿದವು. ಕೊನೆಗೆ ಯಂತ್ರ ಹೇಳಿತು: ಇದು ಅಪಾಯದ ಕೆಲಸ, ಮಾಡಲೇಬೇಕಿದ್ದರೆ "ಹೌದು, ನಾನು ಹೇಳಿದಂತೆ ಮಾಡು" ಎಂಬ ವಾಕ್ಯವನ್ನು ಪೂರ್ತಿ ಬರೆಯಿರಿ.

ನೀವೇ ಬರೆಯಿರಿ ಎಂದರು ಸಾಹೇಬರು. ಆದೇಶ ತಮ್ಮದು, ತಾವೇ ಬರೆಯಬೇಕು ಎಂದೆ. ಅವರು ಪಕ್ಕದಲ್ಲಿದ್ದ ಕಚೇರಿಯ ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು ಕನ್ನಡಕ ಮನೆಯಲ್ಲಿ ಮರೆತೆ ಎಂದರು. ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. ಸಾಹೇಬರು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ಇಷ್ಟು ವರ್ಷ ಸರ್ವಿಸ್ ಮಾಡೇನಿ," ಪರದೆಯತ್ತ ಬೆರಳು ಮಾಡಿ ಅಂದರು. "ಬಾಯಿಲೆ ಹೇಳಿದ್ದಕ್ಕ ಬರಹದಾಗ ಕೊಡ್ರಿ ಅಂದ ಸ್ಟಾಫ್ ಇದೊಂದೇ ನೋಡ್ರಿ."

ಆ ಕರ್ಸರು ಮೂರು ದಿನ ಮಿಟುಕುತ್ತಲೇ ಇತ್ತು. ಮೇಲೊಂದು ಚೀಟಿ ಅಂಟಿಸಿದ್ದರು: ವಿಷಯ ಪರಿಶೀಲನೆಯಲ್ಲಿದೆ, ಯಾರೂ ಮುಟ್ಟಬಾರದು.

ಮತ್ತೆ ಜೇವರ್ಗಿ: ನನ್ನ ಸಾಲು

ಅದೇ ಅಮಾವಾಸ್ಯೆಯ ಮಧ್ಯಾಹ್ನ ಸಾಹೇಬರಿಗೆ ಇನ್ನೊಂದು ವಿಚಾರ ಬಂತು. ಯಾರನ್ನು ಮುಂದುವರಿಸಬೇಕು, ಯಾರನ್ನು ಬಿಡಬೇಕು ಎಂದು ಅವರ ತಲೆ ಕೆಟ್ಟಿತ್ತಂತೆ. ಪ್ಯಾಕೇಜುಗಳ ಹಾಗೆಯೇ ಜೇವರ್ಗಿ ಕಚೇರಿಯ ಮನುಷ್ಯರದ್ದೂ ಪಟ್ಟಿಯಾಗಲಿ, ಯಾರಿಗೆ ಯಾರು ಬೇಕು ಎಂದು ಬರೆಯಿರಿ ಎಂದರು. ನನ್ನ ಕುತ್ತಿಗೆ ಕೊಯ್ಯುವ ಪಟ್ಟಿಯನ್ನು ನನ್ನ ಕೈಯಿಂದಲೇ ಮಾಡಿಸಿದರು.

ಎಲ್ಲರನ್ನೂ ಸಾಲಾಗಿ ಕೂರಿಸಿ ಕೇಳಿದೆವು. ಇಲ್ಲಿಯ ಗುಮಾಸ್ತ ಯಾಕೆ ಬೇಕು? ಮ್ಯಾನೇಜರು ಸಹಿ ಮಾಡಬೇಕಾದ ಕಾಗದ ಬರೆಯಲು. ಮ್ಯಾನೇಜರು ಯಾಕೆ ಬೇಕು? ಗುಮಾಸ್ತ ಬರೆದ ಕಾಗದಕ್ಕೆ ಸಹಿ ಮಾಡಲು. ಕಾವಲುಗಾರ ಯಾಕೆ? ಆ ಕಾಗದ ಕಾಯಲು. ಇಡೀ ಕಚೇರಿ ಗಾಣದೆತ್ತಿನಂತೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು.

ನನ್ನ ಸಾಲು ಬಂತು. ಇವರು ಯಾರಿಗೆ ಬೇಕು ಎಂದು ಸಾಹೇಬರು ಕೇಳಿದರು. ಗುಮಾಸ್ತ ಕಾಗದ ಜೋಡಿಸತೊಡಗಿದ. ಇವರು ಬೇರೆ ತಾಲ್ಲೂಕಿಗೆ ಹೋದಾಗಲೂ ಕಂಪ್ಯೂಟರು ನಡೆಯುತ್ತದೆ ಎಂದು ಮ್ಯಾನೇಜರು ಮೆಲ್ಲಗೆ ಹೇಳಿದರು. ನಡೆಯುವ ಹಾಗೆ ಇಟ್ಟು ಹೋಗುವವಳು ನಾನು ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಸಾಹೇಬರು ನನ್ನ ಹೆಸರಿನ ಎದುರು, ಕಾರಣದ ಜಾಗದಲ್ಲಿ ಅಡ್ಡ ಗೆರೆ ಎಳೆದರು.

ಕೊನೆಗೆ ಉಳಿದವಳು ಚಹಾ ಮಾಡುವ ಹೆಣ್ಣುಮಗಳು, ಅವಳೂ ಗುತ್ತಿಗೆಯವಳೇ. ಇವಳು ಯಾರಿಗೆ ಬೇಕು ಎಂದು ಕೇಳಿದ್ದೇ ತಡ, ಮ್ಯಾನೇಜರು, ಗುಮಾಸ್ತ, ಕಾವಲುಗಾರ ಮೂವರೂ ಕೈ ಎತ್ತಿದರು. ಸಾಹೇಬರು ಚಹಾದ ಕಪ್ಪು ಕೆಳಗಿಟ್ಟು ತಮ್ಮ ಹೆಸರನ್ನೂ ಸೇರಿಸಿ ಎಂದರು. ಆಮೇಲೆ, ನಿನಗೆ ಯಾರು ಬೇಕವ್ವ ಎಂದು ಅವಳನ್ನೇ ಕೇಳಿದರು.

"ನನಗ ಯಾರೂ ಬ್ಯಾಡ್ರಿ," ಅಂದಳು. "ಕರೆಂಟ್ ಹೋದಾಗ ಅಷ್ಟ ಈ ಮೇಡಂ ಬೇಕಾಗ್ತಾರ. ಇವ್ರ ಖೋಲ್ಯಾಗಿನ ಬ್ಯಾಟ್ರಿ ಮ್ಯಾಲ ಕೆಟಲ್ ಇಡ್ತೇನ್ರಿ. ಆ ಬ್ಯಾಟ್ರಿ ಇವ್ರು ಹೇಳಿದ್ದಷ್ಟ ಕೇಳ್ತದ."

ಕಂಪ್ಯೂಟರಿನ ಬ್ಯಾಟರಿಗೆ ಕೆಟಲ್ ಹಚ್ಚುವುದು ದೊಡ್ಡ ತಪ್ಪು. ನಾನು ನೆಲ ನೋಡುತ್ತ ನಿಂತೆ. ಅಂದು ಕರೆಂಟು ಬೆಳಿಗ್ಗೆಯಿಂದ ಇರಲಿಲ್ಲ, ಕಂಪ್ಯೂಟರೂ ಚಹಾವೂ ಆ ಬ್ಯಾಟರಿಯ ಮೇಲೇ ನಡೆದಿದ್ದವು, ಸಾಹೇಬರು ಕುಡಿಯುತ್ತಿದ್ದದ್ದು ಮೂರನೇ ಕಪ್ಪು. ಅವರು ಒಮ್ಮೆ ನಿಂತ ಫ್ಯಾನಿನ ಕಡೆ, ಒಮ್ಮೆ ಕಪ್ಪಿನ ಕಡೆ ನೋಡಿ ಪಟ್ಟಿ ಮಡಚಿಕೊಂಡು ಹೋದರು.

ಹದಿನೈದು ದಿನಕ್ಕೆ ನನ್ನ ಆದೇಶ ಬಂತು. ಲಕೋಟೆ ಒಡೆದೆ. ಮುಂದುವರಿಸಲಾಗಿದೆ ಎಂದಿತ್ತು. ಕೆಳಗೆ ಕಾರಣ: "ಸ್ವಂತ ಕಾರಣ ಕಂಡುಬಂದಿಲ್ಲ. ಚಹಾದ ಜೊತೆ ಬಂದಿರುತ್ತಾರೆ. ತೆಗೆದರೆ ಚಹಾ ನಿಲ್ಲುತ್ತದೆ."

ಚಹಾ ಮಾಡುವವಳಿಗೆ ಓದಿ ಹೇಳಿದೆ. ಸೆರಗಿಗೆ ಕೈ ಒರೆಸಿಕೊಂಡು ನನ್ನ ಬೆನ್ನು ತಟ್ಟಿದಳು.

"ಅಂಜಬ್ಯಾಡ್ರಿ ಮೇಡಂ," ಅಂದಳು, "ನಾ ಇರೋತನಕ ನಿಮ್ಮನ್ನ ಯಾರೂ ತೆಗೆಯಂಗಿಲ್ಲ."