ಕಟ್ಟೆಯ ಮೇಲೆ ನುಂಗಿದ ಗುಳಿಗೆ

ಚಂದ್ರಶೇಖರಪ್ಪ ಮಾಡಿದ ತಪ್ಪೆಂದರೆ, ಗುಳಿಗೆಯನ್ನು ಒಳಗೆ ನುಂಗದೆ ಕಟ್ಟೆಯ ಮೇಲೆ ಕುಳಿತು ನುಂಗಿದ್ದು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಕಟ್ಟೆಯ ಮೇಲೆ ನುಂಗಿದ್ದು ಒಬ್ಬನ ಹೊಟ್ಟೆಗೆ ಹೋಗುವುದಿಲ್ಲ, ಎಲ್ಲರ ಬಾಯಿಗೆ ಹೋಗುತ್ತದೆ.

ಅವನು ಕುಣಿಮಗ್ಗದಲ್ಲಿ ಕಾಲಿಳಿಸುವಷ್ಟರಲ್ಲಿ ಪಕ್ಕದ ಮನೆಯ ಗುರುಲಿಂಗವ್ವ ಬಂದಳು. ಹಿಂದೆಯೇ ನೂಲಿಗೆ ಬಣ್ಣ ಹಾಕುವ ನಜೀರಸಾಬ. ಬಾವಿಗೆ ಬಿದ್ದ ಕರುವನ್ನು ನೋಡುವಂತೆ ಇಬ್ಬರೂ ಬಗ್ಗಿ ನೋಡಿದರು.

"ರಕ್ತಾ ನಿಂತೈತಿ ಅಂತಿ, ಮತ್ತ್ಯಾಕ ಗುಳಿಗಿ? ದಾಳಿಂಬರ ಸಿಪ್ಪಿ ಕುದಿಸಿ ಕುಡಿ," ಎಂದಳು ಗುರುಲಿಂಗವ್ವ.

"ಮೂಲವ್ಯಾಧಿಗೆ ಮೂಲಂಗಿ ರಸಾ ಛಲೋ, ತಮ್ಮಾ," ಎಂದ ನಜೀರಸಾಬ.

"ಮೂಲವ್ಯಾಧಿ ಅಲ್ಲೋ ಕಾಕಾ! ದೊಡ್ಡ ಕರುಳಿನಾಗ ಹುಣ್ಣು!"

"ದಾರಿ ಒಂದ ಅಲ್ಲೇನು?"

ಸಿಟ್ಟಿಗೆ ಚಂದ್ರಶೇಖರಪ್ಪನ ಹೊಟ್ಟೆ ಮುರಿಯಿತು. ತಂಬಿಗೆ ಹಿಡಿದು ಹೊರಟ. ತಂಬಿಗೆ ಹಿಡಿದವನಿಗೆ ದಾರಿ ಬಿಡುವುದು ಧರ್ಮ. ನಜೀರಸಾಬ ಮಾತ್ರ ಬೆನ್ನು ಹತ್ತಿ ಬಂದು ಓಣಿಯ ತುದಿಯಲ್ಲಿ ತಡೆದು, ಮೂಲಂಗಿಯ ಮಹಿಮೆಯನ್ನು ಪುರಾಣದಂತೆ ಮಂಗಳದವರೆಗೂ ಹೇಳಿಯೇ ಬಿಟ್ಟ.

ಮರಳಿ ಬಂದರೆ ಮಗ್ಗದ ಸುತ್ತ ಓಣಿಯೇ ಕೂತಿತ್ತು. ಗುರುಲಿಂಗವ್ವ ಕಷಾಯದ ಬಟ್ಟಲು ಚಾಚಿದಳು. ಅವನು ಬೇಡವೆಂದು ಕೈ ಅಡ್ಡ ಹಿಡಿದ. ಕಷಾಯ ಮಗ್ಗದ ಮೇಲಿದ್ದ ಸೀರೆಯ ಕೆಂಪು ರೇಷ್ಮೆಯ ಸೆರಗಿನ ಮೇಲೆ ಚೆಲ್ಲಿತು.

ಚಂದ್ರಶೇಖರಪ್ಪ ಬೆಂಕಿಯಾದ.

"ನಿಮ್ಮ ಕಷಾಯ ಕುಡದು ಕುಡದು ನನ್ನ ಕರುಳು ಹರಕ ನೂಲಾತು! ಬಾಗಲಕೋಟಿ ಡಾಕ್ಟರು ಕೊಟ್ಟ ಗುಳಿಗಿ ತಗೊಂಡ ಮ್ಯಾಲೇ ರಕ್ತಾ ನಿಂತದ್ದು. ಅರಾಮ ಆದ್ರೂ ಬಿಡಬ್ಯಾಡ, ಬಿಟ್ರ ಮತ್ತ ಕೆರಳತೈತಿ ಅಂದಾರ. ಖರೆ ಔಷಧ ಅಂದ್ರ ಇದು! ನಡೀರಿ ಎಲ್ಲಾರೂ!"

ಎಲ್ಲರೂ ತಲೆತಗ್ಗಿಸಿ ಎದ್ದುಹೋದರು. ಗೆದ್ದ ಹುರುಪಿನಲ್ಲಿ ಅವನು ಸಂಜೆಯತನಕ ಲಾಳಿ ಓಡಿಸಿದ.

ಊಟವಾದ ಮೇಲೆ ಗುಳಿಗೆಯ ಡಬ್ಬಿ ತೆರೆದ. ಖಾಲಿ!

"ಯವ್ವಾ, ಗುಳಿಗಿ ಎಲ್ಲಿ? ಈ ಊರಾಗ ಸಿಗೂದಿಲ್ಲ ಅವು!"

ತಾಯಿ ದುರ್ಗವ್ವ ದೀಪದ ಬತ್ತಿ ಹೊಸೆಯುತ್ತ ಅಂದಳು: "ನೀ ಬೈದದ್ದು ಎಲ್ಲಾರಿಗೂ ಖರೆ ಅನಿಸ್ತಂತಪಾ. ನಮಗೂ ಕೊಡು ಅಂತ ಓಣಿ ಹೆಣಮಕ್ಕಳು ಹಿತ್ತಲ ಬಾಗಲಿಗೆ ಬಂದ್ರು. ಶುಕ್ರವಾರ ಮುತ್ತೈದೇರನ್ನ ಬರಿಗೈಲೆ ಹೆಂಗ ಕಳಸಲಿ? ಕುಂಕುಮಾ ಹಚ್ಚಿ, ಎಲಿ ಅಡಿಕಿ ಜೋಡಿ ಕೊಟ್ಟೆ."

ಒಂದಾದರೂ ಉಳಿದೀತೆಂದು ಗುರುಲಿಂಗವ್ವನ ಬಾಗಿಲಿಗೆ ಓಡಿದ. ಅವಳು ಎಲೆ ಅಗಿಯುತ್ತ ಹೊರಬಂದಳು.

"ನುಂಗೀನೋ ಮಗನ. ಮೊಣಕಾಲ ಆಗಲೇ ಹಗರ ಆಗ್ಯಾವ. ಅರಾಮ ಆದ್ರೂ ಬಿಡಬಾರದಂತ ನೀನ ಅಂದೀಯಲ್ಲ, ನಾಳಿ ಗುಳಿಗಿ ಈಗ ತಂದೀಯೇನು?"