ರೇಡಿಯೊದ ಹಿಂಬಾಗಿಲು

ಪಾಂಡುರಂಗನ ಗೋಳಿಗೆಲ್ಲ ಕಾರಣ ರೇಡಿಯೊದ ಬೆನ್ನಿಗಿದ್ದ ತೂತುಗಳು.

ಬೈಲಹೊಂಗಲದಿಂದ ದೊಡವಾಡಕ್ಕೆ ಹೋಗುವ ಬಸ್ಸು ಮನಸ್ಸಾದರೆ ನಿಲ್ಲುವ, ಇಲ್ಲದಿದ್ದರೆ ಧೂಳು ಹಾರಿಸಿ ಹೋಗುವ ಸಣ್ಣ ಊರದು. ಪಂಚಾಯ್ತಿ ಕೋಣೆಯಲ್ಲಿ ಸರಕಾರ ಕೊಟ್ಟ ರೇಡಿಯೊ, ಮಾಳಿಗೆಯ ಮೇಲೆ ಅದರ ತುತ್ತೂರಿ. ಮುಂಜಾನೆ ಸಂಜೆ ಕೀಲಿ ತೆಗೆದು ಅದನ್ನು ಹಚ್ಚುವುದು, ಆರಿಸುವುದು ಪಾಂಡುರಂಗನ ಕೆಲಸ. ಕೋಣೆಯ ಹಿಂಬಾಗಿಲು ತೆಗೆದರೆ ಅವನ ಮನೆಯ ಹಿತ್ತಲು. ಮನೆಯೂ ಪಂಚಾಯ್ತಿಯದೇ. ಕೆಲಸ ಹೋದರೆ ಸೂರೂ ಹೋದಂತೆ.

ಆ ಸೂರಿನಡಿ ಇನ್ನೊಬ್ಬರಿದ್ದರು: ತಂದೆ ರಘೋತ್ತಮಾಚಾರ್ಯರು. ಒಂದು ಕಾಲಕ್ಕೆ ಸುತ್ತಲಿನ ಊರುಗಳಲ್ಲಿ ಪುರಾಣ ಹೇಳಿದ ಕೊರಳು. ಈಗ ಕಾಲು ಏಳದು, ಕಿವಿ ಕೇಳದು. ಮಾಳಿಗೆಯ ತುತ್ತೂರಿ ಊರನ್ನೇ ನಡುಗಿಸುವಂತೆ ಹಾಡಿದರೂ ಅವರಿಗದು ದೂರದ ಜೇನುಹುಳದ ಸದ್ದು. ಮಗ ಒಂದು ಮಾತು ಹೇಳಬೇಕೆಂದರೆ ಕಿವಿಯ ಹತ್ತಿರ ಹೋಗಿ ಅರಚಬೇಕು. ಅರಚಿ ಅರಚಿ ಬೇಸತ್ತು ಪಾಂಡುರಂಗ ಮಾತನ್ನೇ ಬಿಟ್ಟಿದ್ದ. ಕೂತಲ್ಲೇ ಅನ್ನ ಬೇಯಿಸಿ ಅಪ್ಪ ಬಡಿಸುವುದು, ಮಗ ಉಂಡು ಏಳುವುದು. ಎಷ್ಟೋ ದಿನ ಅಷ್ಟೇ.

ಇದಕ್ಕಾಗಿ ಅವನ ಮನಸ್ಸು ಒಳಗೊಳಗೇ ಕೊರೆಯುತ್ತಿತ್ತು. ಕೊನೆಗೆ ಬೈಲಹೊಂಗಲದ ಗುಜರಿಯಿಂದ, ರೇಡಿಯೊ ಕೇಳಲು ಕಿವಿಗೆ ಹಿಡಿಯುವ ಹಳೆಯ ಡಬ್ಬಿಯೊಂದನ್ನು ತಂದ. ಯಾರೂ ಇಲ್ಲದ ಹೊತ್ತು ನೋಡಿ ರೇಡಿಯೊದ ಬೆನ್ನಿಗೆ ಕಂಡ ಎರಡು ತೂತಿಗೆ ತಂತಿ ಸಿಕ್ಕಿಸಿ, ಹಿಂಬಾಗಿಲ ಸಂದಿಯಿಂದ ಹಿತ್ತಲ ಬೇಲಿಗುಂಟ ಎಳೆದು, ಡಬ್ಬಿಯನ್ನು ಅಪ್ಪನ ಕೈಗಿಟ್ಟ. ಅಪ್ಪ ಕಿವಿಗೆ ಹಚ್ಚಿಕೊಂಡು ಮಗನ ಮುಖ ನೋಡಿದರು. "ಕೇಳಸ್ತದ, ಪಾಂಡೂ. ಭಾಳ ಛಲೋ ಕೇಳಸ್ತದ" ಎಂದರು.

ಆದರೆ ಅದು ಕಳ್ಳತನ. ಕೀಲಿ ಕೊಡುವಾಗಲೇ ಚೇರ್ಮನ್ ರಾಮಲಿಂಗಪ್ಪ ಹೇಳಿದ್ದರು: "ಇದರಿಂದ ಒಂದು ಎಳಿ ತಂತಿ ಯಾರ ಮನಿಗೂ ಹೋಗಬಾರದು. ಹೋತಂದ್ರ ಅವತ್ತ ಕೀಲಿ ಇಟ್ಟು ನಡಿಯೂದ."

ತಂತಿ ಮನೆಗೆ ಹೋದ ಮೇಲೆ ರೇಡಿಯೊ ಹಾಡಿನ ನಡುವೆ ಬೇರೆ ಮಾತಾಡತೊಡಗಿತು. ಕೊಡದೊಳಗಿನಿಂದ ಬಂದಂಥ ದನಿ. ಒಂದು ಸಂಜೆ ಪಂಚಾಯ್ತಿ ಕಟ್ಟೆಯ ತುಂಬ ಜನ ಕೂತಿದ್ದಾಗ, "ಹೊತ್ತಾತು. ಅನ್ನ ಆರಲಿಕ್ಕೆ ಹತ್ತದ. ಮನಿಗೆ ಬಾ" ಅಂದಿತು. ಸರಕಾರದ ಪೆಟ್ಟಿಗೆ ಹೇಳಿದ ಮೇಲೆ ಕೂತಿರುವ ಧೈರ್ಯ ಯಾರಿಗಿದೆ? ಕಟ್ಟೆ ಖಾಲಿಯಾಯಿತು. ಪಾಂಡುರಂಗನೂ ರೇಡಿಯೊ ಆರಿಸಿ ಮನೆಗೆ ಹೋದ. ಚಹಾ ಅಂಗಡಿಯ ಮಡಿವಾಳೆಪ್ಪನ ಒಂದು ಬುಟ್ಟಿ ಭಜಿ ಹಾಗೇ ಉಳಿಯಿತು.

"ಸರಕಾರ ಹಿಂಗ ಏಕವಚನದಾಗ ಕರೀತೈತೇನ್ರಿ?" ಎಂದು ಮಡಿವಾಳೆಪ್ಪ ಗೊಣಗಿದ.

"ಈಗಿನ ಕಾಲದಾಗ ಹೆಂಗ ಕರದ್ರೂ ಹೋಗಬೇಕಪಾ" ಎಂದರು ಹಿರಿಯರೊಬ್ಬರು.

ಮತ್ತೊಂದು ಮುಂಜಾನೆ ಅದು ಮಿತಿ ಮೀರಿತು. ಭಕ್ತಿಗೀತೆಯ ನಡುವೆ, "ಮಳಿ ಬರತದ. ಹೊರಗ ಹಾಕಿದ್ದೆಲ್ಲಾ ಒಳಗ ತಗೋ" ಅಂದುಬಿಟ್ಟಿತು.

ಬಿಡಿಸಿದ ಹತ್ತಿ ಊರ ತುಂಬ ಒಣಗುತ್ತಿದ್ದ ದಿನಗಳು. ಜನ ಮನೆಗೆ ಬೆಂಕಿ ಬಿದ್ದವರಂತೆ ಓಡಿದರು. ರಾಮಲಿಂಗಪ್ಪನವರ ಅಂಗಳದಿಂದಲೇ ಗಾಡಿಗಟ್ಟಲೆ ಹತ್ತಿ ಒಳಗೆ ಹೋಯಿತು. ಪಡಸಾಲೆ, ದೇವರಕೋಣೆ ತುಂಬಿ, ಕೊನೆಗೆ ಚೇರ್ಮನ್ನರ ಮಂಚದ ಮೇಲೂ ಹತ್ತಿ. ಆಮೇಲೆ ಎಲ್ಲರೂ ಮುಗಿಲು ನೋಡುತ್ತ ನಿಂತರು. ಮುಗಿಲು ತಿಕ್ಕಿ ತೊಳೆದ ತಾಟಿನಂತೆ ಹೊಳೆಯುತ್ತಿತ್ತು. ಮಧ್ಯಾಹ್ನವಾದರೂ ಒಂದು ಮೋಡವಿಲ್ಲ.

ಮೀಸೆಗೆ ಹತ್ತಿಯ ಎಳೆ ಅಂಟಿಸಿಕೊಂಡೇ ರಾಮಲಿಂಗಪ್ಪ ಬಂದರು. "ಏ ಪಾಂಡ್ಯಾ! ಈ ಪೆಟಗಿ ನಿನ್ನ ಮಾತು ಕೇಳತೈತೋ, ಮತ್ಯಾರ ಮಾತು ಕೇಳತೈತೋ? ಹತ್ತಿ ಮತ್ತ ಬಿಸಲಿಗೆ ಹಾಕಸೇನಿ. ಸಂಜಿ ಒಳಗ ಆ ದನಿ ಬಂದ್ ಆಗಬೇಕು. ಇಲ್ಲಂದ್ರ ಕೀಲಿ ಇಡು, ಮನಿ ಖಾಲಿ ಮಾಡು."

ದನಿಗೂ ತನ್ನ ತಂತಿಗೂ ಸಂಬಂಧವಿದೆಯೆಂದು ಪಾಂಡುರಂಗನಿಗೆ ಹೊಳೆಯಲಿಲ್ಲ. ತನ್ನ ತಂತಿ ಹಾಡನ್ನು ಹೊರಗೆ ಒಯ್ಯುವಂಥದು. ಆದರೆ ಹುಡುಕುವವರ ಕೈಗೆ ಅದು ಸಿಕ್ಕರೆ?

ಹುಡುಕಲು ಊರೇ ಬಂತು. ಬೇವಿನ ಸೊಪ್ಪು ಹಿಡಿದು, ದೆವ್ವ ಬಿಡಿಸುವ ಕೆಂಚವ್ವ ಮೊದಲು ಬಂದಳು. "ಗಾಳಿ ಹೊಕ್ಕೈತಿ ಪಾಂಡಣ್ಣಾ, ಅತ್ತಾಗ ಸರಿ, ಹಿಂದಿನಿಂದ ಇಳಿಸಿ ತಗೀತೇನಿ."

"ಮುಂದಿನಿಂದ ತಗೀರಿ ಕೆಂಚವ್ವಾ!" ಪಾಂಡುರಂಗ ರೇಡಿಯೊದ ಹಿಂಬದಿಗೆ ಬೆನ್ನು ಹಚ್ಚಿ ನಿಂತ.

"ಗಾಳಿ ಮುಂದಿನಿಂದ ಹೊಕ್ಕೀತೇನ? ಅತ್ತಾಗ ಸರಿ ಅಂದ್ರ."

ಮಡಿವಾಳೆಪ್ಪ ಹಿಂಬಾಗಿಲ ಕಡೆ ಹೊರಟ. ಪಾಂಡುರಂಗ ಅಲ್ಲಿಗೆ ಹಾರಿ ಬಾಗಿಲಿಗೆ ಆತುಕೊಂಡ. "ಅಲ್ಲಿ ಚೇಳು ಅದ ರೀ."

"ಎಷ್ಟ ದೊಡ್ಡದು?"

"ಕಂಡಿಲ್ಲ."

"ಕಾಣದ ಚೇಳಿಗೆ ಹಿಂಗ ಬೆವತೀರಿ, ಕಂಡಿದ್ರ ಏನ ಗತಿ?"

ಅಷ್ಟರಲ್ಲಿ ಬೈಲಹೊಂಗಲದ ರೇಡಿಯೊ ರಿಪೇರಿ ಕಾಡಪ್ಪ ಬಸ್ಸಿಳಿದು ಬರುತ್ತಿದ್ದಾನೆಂದು ಯಾರೋ ಕೂಗಿದರು. ಎಲ್ಲರೂ ಬಾಗಿಲಿಗೆ ತಿರುಗಿದ ಆ ಒಂದು ಗಳಿಗೆಯಲ್ಲಿ ಪಾಂಡುರಂಗ ತಂತಿಯನ್ನು ಕಿತ್ತು ಬಾಗಿಲ ಸಂದಿಗೆ ತುರುಕಿದ. ಅಪ್ಪನಿಗೆ ಮತ್ತೆ ಜೇನುಹುಳದ ಸದ್ದೇ ಗತಿ ಎನಿಸಿತು.

ಕಾಡಪ್ಪ ಕಿಸೆಯಲ್ಲಿ ಎರಡು ಪೆನ್ನು, ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡು ಡಾಕ್ಟರನಂತೆ ನಡೆಯುವವನು. ರೇಡಿಯೊ ತಿರುವಿ ಬೆನ್ನು ನೋಡಿದ.

"ನೋಡ್ರಿ ಚೇರ್ಮನ್ನರ, ಇಲ್ಲಿ ಎರಡು ಜೋಡಿ ತೂತು. ಈ ಜೋಡಿ ಹಾಡು ಹೊರಗ ಒಯ್ಯಾಕ. ಈ ಜೋಡಿ ಗ್ರಾಮಾಫೋನು ಹಚ್ಚಾಕ, ಇದರಿಂದ ಸಪ್ಪಳ ಒಳಗ ಬರತೈತಿ. ಇದರಾಗ ಮಾತ್ರ ಧೂಳಿಲ್ಲ. ಯಾರೋ ಇಲ್ಲಿ ತಂತಿ ಸಿಗಿಸ್ಯಾರ. ಆ ತುದಿಗೆ ಕಿವಿಗೆ ಹಿಡಿಯೂ ಡಬ್ಬಿ ಇದ್ರೂ ಸಾಕು, ಅದ ಬಾಯಾಗತೈತಿ. ಪೆಟಗಿ ನಿಮ್ಮ ಕೋಣ್ಯಾಗ ಇರತೈತಿ, ಕೊರಳು ಅವನ ಕೈಯಾಗ. ಅವ ದೂರ ಕುಂತು ಆಡಿಸಿದಂಗ ಆಡತೈತಿ. ನಿಮ್ಮ ಊರೂ ಆಡತೈತಿ."

ಯಾವ ಜೋಡಿಯಿಂದ ತಂತಿ ಕಿತ್ತಿದ್ದನೆಂದು ಪಾಂಡುರಂಗನ ಬೆರಳಿಗೆ ಗೊತ್ತಿತ್ತು, ಆ ತುದಿಗೆ ಕೂತವರು ಯಾರೆಂದು ಮನಸ್ಸಿಗೂ.

"ಯಾವ ಕಳ್ಳ ಅವ?" ರಾಮಲಿಂಗಪ್ಪ ಹಲ್ಲು ಕಡಿದರು. "ಇರಲಿ, ತೂತು ಮುಚ್ಚು." ಕಾಡಪ್ಪ ಅರಗು ಕರಗಿಸಿ ಸುರಿದ. ದನಿ ನಿಂತಿತು, ಕೆಲಸ ಉಳಿಯಿತು. ಪಾಂಡುರಂಗನಿಗೆ ಮಾತ್ರ ಗೆದ್ದಂತೆ ಅನಿಸಲಿಲ್ಲ.

ಮನೆಗೆ ಬರುವಷ್ಟರಲ್ಲಿ ಪಡುವಣಕ್ಕೆ ಮೋಡ ಕಪ್ಪಾಗಿತ್ತು. ಹಿತ್ತಲಲ್ಲಿ ಅಪ್ಪನ ಧೋತರ ಇನ್ನೂ ಹಗ್ಗದ ಮೇಲೆ. ಅದನ್ನು ಒಳಗೆ ತಗೋ ಎಂದೇ ಮುಂಜಾನೆ ಹೇಳಿದ್ದರೆಂದು ಈಗ ತಿಳಿಯಿತು. ಅಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಾಂಡುರಂಗ ಅವರ ಕಿವಿಗೆ ಬಾಯಿ ಇಟ್ಟು ಅರಚಿದ:

"ಅಪ್ಪಾ, ತಂತಿ ಕಿತ್ತೀನಿ! ಇನ್ನ ಇದರಾಗ ಕೇಳಸೂದಿಲ್ಲ!"

"ಅದರಾಗ ಯಾವಾಗ ಕೇಳಿಸಿತ್ತೋ?" ಅಪ್ಪ ಮೆಲ್ಲಗೆ ನಕ್ಕರು. "ಮೊದಲನೇ ದಿನದಿಂದ ಏನೂ ಇಲ್ಲ. ನನ್ನ ಕಿವೀನ ಪೂರಾ ಹೋಗ್ಯಾವ ಅಂದ್ಕೊಂಡೆ. ನೀ ಅಷ್ಟು ಆಸೆ ಮಾಡಿ ಹಚ್ಚೀದಿ, ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ."

"ಮತ್ತ ಅದರಾಗ ಯಾಕ ಮಾತಾಡತಿದ್ದಿ?"

"ಆ ತುದಿಗೆ ನೀ ಕೂತಿರತಿ ಅಲ್ಲಾ. ಮನ್ಯಾಗ ಮಾತಾಡಿದ್ರ ನಿನ್ನ ಉತ್ತರ ನನಗ ಕೇಳಸೂದಿಲ್ಲ, ನಿನಗ ತ್ರಾಸು. ಇದರಾಗ ಹೇಳಿದ್ರ ಉತ್ತರದ ಗೊಡವಿ ಇಲ್ಲ. ಒಂದಿನ ಅನ್ನ ಆರತದ, ಬಾ ಅಂದೆ. ನೀ ಎದ್ದು ಬಂದೀ. ಅವತ್ತಿನಿಂದ ನಂಬಿದೆ."

ಊರಿಗೆ ಊರೇ ಕೇಳಿದ ದನಿಯನ್ನು ಮಗನೇ ಗುರುತು ಹಿಡಿದಿರಲಿಲ್ಲ. ಗುರುತಿರುವಷ್ಟು ಮಾತು ಮನೆಯಲ್ಲಿ ಉಳಿದಿರಲಿಲ್ಲ.

"ಅಪ್ಪಾ, ತಂತಿ ಹಚ್ಚಿದಾವ ನಾ! ತಪ್ಪು ತೂತಿಗೆ ಹಚ್ಚೀನಿ! ನೀ ಆಡಿದ್ದೆಲ್ಲಾ ಊರು ಕೇಳ್ಯದ!"

ಹೊರಗೆ ಆಗಲೇ ಮಳೆ ಧೋ ಎಂದು ಸುರಿಯುತ್ತಿತ್ತು. ಕಿವುಡರಿಗೆ ಕೇಳಲೆಂದು ಅರಚಿದ್ದು ಮಳೆಯನ್ನೂ ಮೀರಿ ಬಾಗಿಲಿಗೆ ಕೇಳಿತು. ಬಾಗಿಲಲ್ಲಿ ಚೇರ್ಮನ್ ರಾಮಲಿಂಗಪ್ಪ, ಮೈಯೆಲ್ಲ ತೊಯ್ದು ನಿಂತಿದ್ದರು.

"ಹತ್ತಿ ಎಲ್ಲಾ ನೀರಾತು" ಎಂದರು. "ಆ ದನಿ ಮುಂಜಾನೇನ ಖರೇ ಹೇಳಿತ್ತು. ಅದನ್ನ ಹುಡುಕ್ಕೊಂಡು ತಾ ಅಂತ ಹೇಳಾಕ ಬಂದ್ನಿ. ಆಚಾರ್ರ, ಮಳಿ ನಿಮಗ ಹೆಂಗ ತಿಳೀತ್ರಿ?"

ಪಾಂಡುರಂಗ ಪ್ರಶ್ನೆಯನ್ನು ಅರಚಿ ಮುಟ್ಟಿಸಿದ. ಅಪ್ಪ ಮೊಣಕಾಲು ಮುಟ್ಟಿ ತೋರಿಸಿದರು. "ಮುಂಜಾನಿಂದ ಹಿಡದಿತ್ತು."

ರಾಮಲಿಂಗಪ್ಪ ಕೈ ಮುಗಿದರು. "ಇನ್ನ ಮ್ಯಾಲ ರೇಡಿಯೊದಾಗ ಆಚಾರ್ರ ಮಾತು ಬರಬೇಕು. ಮನಿ ಅವರಿಗೆ ಇರಲಿ." ಆಮೇಲೆ ಮಗನ ಕಡೆ ತಿರುಗಿದರು. "ಸರಕಾರದ ಪೆಟಗಿಗೆ ಕದ್ದು ತಂತಿ ಹಚ್ಚಿದಾವ ನೀ. ಕೀಲಿ ತಾ."

ಮರುದಿನ ಕಾಡಪ್ಪ ಅರಗು ಕೆರೆದು ಸರಿಯಾಗಿ ತಂತಿ ಹಚ್ಚಿದ. ಕೀಲಿ ಮಡಿವಾಳೆಪ್ಪನ ಸೊಂಟಕ್ಕೆ ಹೋಯಿತು. ಊರೆಲ್ಲ ಕೇಳುತ್ತದೆಂದು ಗೊತ್ತಾದ ಮೇಲೆ ಅಪ್ಪನ ಕೊರಳೇ ಬೇರೆಯಾಯಿತು. "ಸಮಸ್ತ ಗ್ರಾಮಸ್ಥರಲ್ಲಿ ವಿನಂತಿ" ಎಂದು ಪುರಾಣದ ಗತ್ತಿನಲ್ಲಿ ಶುರುಮಾಡಿದರು.

ಕಟ್ಟೆಯ ತುದಿಗೆ ಪಾಂಡುರಂಗ ಕೆಲಸವಿಲ್ಲದೆ ಕೂತಿದ್ದ. ಅಪ್ಪನ ದನಿಯಲ್ಲಿ ಮಳೆ, ಗಾಳಿ, ತಿಥಿ, ವಾರ ಎಲ್ಲ ಬಂದವು. ಹೊತ್ತಾಯಿತು. ಅನ್ನ ಆರುವ ಹೊತ್ತೂ ಆಯಿತು. ಜನ ತಾವಾಗಿಯೇ ಎದ್ದು ಹೋದರು. ಪಾಂಡುರಂಗ ತುತ್ತೂರಿಯನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಕೂತ. ಬಾ ಎಂದು ಯಾರೂ ಕರೆಯಲಿಲ್ಲ.